ರೈತರ ಕಂಪನಿಗೆ ಸಮರ್ಥ ಕಾರ್ಯನಿರ್ವಾಹಕರು: ಆಯ್ಕೆ ಮತ್ತು ಉಳಿಕೆ

ರೈತರು ಒಂದುಗೂಡಿ ಕಟ್ಟಿದ ಉತ್ಪಾದಕರ ಕಂಪನಿಗಳು ಇಂದು ಕರ್ನಾಟಕದ ಹಲವು ತಾಲ್ಲೂಕುಗಳಲ್ಲಿ ಕೆಲಸ ಮಾಡುತ್ತಿವೆ. ಬಿತ್ತನೆ ಬೀಜ, ಗೊಬ್ಬರಗಳನ್ನು ಒಟ್ಟಿಗೆ ಕೊಂಡು ಸದಸ್ಯರಿಗೆ ಒದಗಿಸುವುದು, ರಾಗಿ, ತೊಗರಿ, ಕೊಬ್ಬರಿ, ತರಕಾರಿ ಮುಂತಾದುವನ್ನು ಒಟ್ಟುಗೂಡಿಸಿ ಮಾರುವುದು ಇವುಗಳ ಮುಖ್ಯ ಕೆಲಸ. ಆದರೆ ಷೇರು ಹಣ ಸೇರಿ, ನೋಂದಣಿಯಾಗಿ, ಮಳಿಗೆ ತೆರೆದ ಮಾತ್ರಕ್ಕೆ ಕಂಪನಿ ನಡೆಯುವುದಿಲ್ಲ. ಅದನ್ನು ದಿನನಿತ್ಯ ನಡೆಸುವ ಸಮರ್ಥರೊಬ್ಬರು ಬೇಕು. ಅಂಥವರನ್ನು ಹುಡುಕುವುದು ಒಂದು ಕಷ್ಟವಾದರೆ, ಉಳಿಸಿಕೊಳ್ಳುವುದು ಇನ್ನೂ ದೊಡ್ಡ ಕಷ್ಟ. ಕೆಲಸ ಕಲಿತವರು ಎರಡು ಮೂರು ವರ್ಷಗಳಲ್ಲಿ ಬಿಟ್ಟುಹೋದರೆ ಅವರೊಡನೆ ವ್ಯಾಪಾರಿಗಳ ಪರಿಚಯ, ದಾಸ್ತಾನಿನ ತಿಳಿವಳಿಕೆ, ಸದಸ್ಯರ ವಿಶ್ವಾಸ ಎಲ್ಲವೂ ಹೋಗುತ್ತವೆ. ಇದು ಸದಸ್ಯರ ಷೇರು ಹಣಕ್ಕೇ ಬರುವ ಆಪತ್ತು.

ಕಾಯ್ದೆ ಏನು ಹೇಳುತ್ತದೆ?

2002ರಲ್ಲಿ ಕಂಪನಿ ಕಾಯ್ದೆಗೆ ಮಾಡಿದ ತಿದ್ದುಪಡಿಯಿಂದ ಉತ್ಪಾದಕರ ಕಂಪನಿಗಳಿಗೆ ಅವಕಾಶ ದೊರೆಯಿತು. 2020ರ ತಿದ್ದುಪಡಿಯ ನಂತರ ಈ ನಿಯಮಗಳು 2013ರ ಕಂಪನಿ ಕಾಯ್ದೆಯಲ್ಲಿ ಸೇರಿವೆ. ಇದರಂತೆ ಆಡಳಿತ ಮಂಡಳಿಯಲ್ಲಿ ಕನಿಷ್ಠ 5, ಗರಿಷ್ಠ 15 ನಿರ್ದೇಶಕರು ಇರುತ್ತಾರೆ. ಪ್ರತಿಯೊಂದು ಕಂಪನಿಗೂ ಪೂರ್ಣಾವಧಿ ಮುಖ್ಯ ಕಾರ್ಯನಿರ್ವಾಹಕರು ಇರಲೇಬೇಕು. ಅವರನ್ನು ಮಂಡಳಿಯೇ ನೇಮಿಸತಕ್ಕದ್ದು. ಅವರು ಕಂಪನಿಯ ಸದಸ್ಯರಾಗಿರಬಾರದು.

ಈ ಕೊನೆಯ ಮಾತು ಮುಖ್ಯವಾದದ್ದು. ಕಂಪನಿಯ ಒಡೆತನ ರೈತರದು, ದಿನದ ಆಡಳಿತ ಸಂಬಳ ಪಡೆಯುವ ಕಾರ್ಯನಿರ್ವಾಹಕರದು ಎಂದು ಕಾಯ್ದೆಯೇ ಬೇರ್ಪಡಿಸಿದೆ. ಬ್ಯಾಂಕ್ ಖಾತೆಯ ವ್ಯವಹಾರ, ನಗದು ಮತ್ತು ಆಸ್ತಿಗಳ ರಕ್ಷಣೆ, ಲೆಕ್ಕಪತ್ರಗಳ ನಿರ್ವಹಣೆ, ಸದಸ್ಯರಿಗೆ ಕಾಲಕಾಲಕ್ಕೆ ಮಾಹಿತಿ ಕೊಡುವುದು ಇವೆಲ್ಲ ಅವರ ಕರ್ತವ್ಯಗಳು. ಹೀಗಾಗಿ ಇದುವರೆಗೆ ಆಳುಗಳಿಗೆ ದಿನಗೂಲಿ ಕೊಟ್ಟು ರೂಢಿಯಿದ್ದ ರೈತರು ಈಗ ಓದಿದ, ಅನುಭವವಿರುವ ನೌಕರರಿಗೆ ಯಜಮಾನರಾಗಿದ್ದಾರೆ. ಈ ಯಜಮಾನಿಕೆಯ ರೀತಿಯೇ ಬೇರೆ.

ಆನಂದ್‌ನ ಅನುಭವ

ಗುಜರಾತಿನ ಖೇಡಾ ಜಿಲ್ಲಾ ಹಾಲು ಉತ್ಪಾದಕರ ಸಹಕಾರ ಸಂಘವು 1946ರಲ್ಲಿ ಸ್ಥಾಪನೆಯಾಯಿತು. ಮುಂದೆ ಅಮುಲ್ ಎಂದು ಮನೆಮಾತಾದದ್ದು ಇದೇ. ಅದರ ಅಧ್ಯಕ್ಷರು ತ್ರಿಭುವನದಾಸ ಪಟೇಲರು. ಅಮೆರಿಕದಲ್ಲಿ ಎಂಜಿನಿಯರಿಂಗ್ ಓದಿ ಬಂದ ವರ್ಗೀಸ್ ಕುರಿಯನ್ನರು 1949ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಕರಾರಿಗೆ ಕಟ್ಟುಬಿದ್ದು ಆನಂದ್‌ನ ಸರ್ಕಾರಿ ಹಾಲಿನ ಘಟಕಕ್ಕೆ ಬಂದರು. ಊರು ಚಿಕ್ಕದು, ಕೆಲಸ ಬೇಸರದ್ದು. ಕರಾರು ಮುಗಿದೊಡನೆ ಹೊರಡಬೇಕೆಂದಿದ್ದರು. ತ್ರಿಭುವನದಾಸರು ಅವರನ್ನು ಕೇಳಿಕೊಂಡು ಸಂಘದ ಕೆಲಸಕ್ಕೆ ಉಳಿಸಿಕೊಂಡರು.

ಅವರನ್ನು ಉಳಿಸಿದ್ದು ಸಂಬಳವೊಂದೇ ಅಲ್ಲ. ರೈತರನ್ನು ಸಂಘಟಿಸುವುದು, ಸಂಘದ ಪ್ರಾಮಾಣಿಕತೆ ಕಾಯುವುದು ಅಧ್ಯಕ್ಷರ ಪಾಲಿಗೆ; ಯಂತ್ರ, ತಂತ್ರಜ್ಞಾನ, ಮಾರಾಟ ಕುರಿಯನ್ನರ ಪಾಲಿಗೆ. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕಲಿಲ್ಲ. ಕುರಿಯನ್ನರು ತಮಗೆ ಬೇಕಾದ ತಜ್ಞರನ್ನು ಕರೆತರಲೂ ಅವಕಾಶವಿತ್ತು. ಹಾಗೆ ಬಂದ ಎಚ್. ಎಂ. ದಲಾಯರು ಎಮ್ಮೆ ಹಾಲಿನಿಂದ ಪುಡಿ ತಯಾರಿಸುವ ವಿಧಾನವನ್ನು ಸಾಧ್ಯವಾಗಿಸಿದರು. 1955ರಲ್ಲಿ ಹಾಲಿನ ಪುಡಿಯ ಕಾರ್ಖಾನೆ ಪ್ರಾರಂಭವಾಯಿತು. ಹೊರಟು ನಿಂತಿದ್ದ ಕುರಿಯನ್ನರು ಬದುಕಿನ ಕೊನೆಯವರೆಗೂ ಆನಂದ್‌ನಲ್ಲಿಯೇ ನೆಲೆಸಿದರು. ರೈತರ ಸಂಸ್ಥೆಗಳಿಗೆ ತರಬೇತಾದ ವ್ಯವಸ್ಥಾಪಕರು ಬೇಕೆಂದು 1979ರಲ್ಲಿ ಅಲ್ಲಿಯೇ ಗ್ರಾಮೀಣ ನಿರ್ವಹಣಾ ಸಂಸ್ಥೆಯನ್ನೂ ಸ್ಥಾಪಿಸಿದರು.

ಆಯ್ಕೆಯ ಕ್ರಮ

1. ಮೊದಲು ಕೆಲಸದ ಪಟ್ಟಿ ಮಾಡಬೇಕು. ಗೊಬ್ಬರದ ಮಳಿಗೆಯನ್ನು ಮಾತ್ರ ನಡೆಸುವ ಕಂಪನಿಗೂ, ತರಕಾರಿಯನ್ನು ದೂರದ ಪೇಟೆಗೆ ಕಳುಹಿಸುವ ಕಂಪನಿಗೂ ಬೇಕಾದ ವ್ಯಕ್ತಿ ಒಂದೇ ಅಲ್ಲ.

2. ಹುದ್ದೆಯ ವಿಷಯವನ್ನು ಬಹಿರಂಗವಾಗಿ ಪ್ರಕಟಿಸಬೇಕು. ಕೃಷಿ ವಿಶ್ವವಿದ್ಯಾನಿಲಯ, ಕೃಷಿ ವಿಜ್ಞಾನ ಕೇಂದ್ರ ಮತ್ತು ಕೃಷಿ ಡಿಪ್ಲೊಮಾ ಕಾಲೇಜುಗಳಿಗೆ ತಿಳಿಸಿದರೆ ಯೋಗ್ಯರು ಸಿಗುವ ಸಂಭವ ಹೆಚ್ಚು.

3. ಸುತ್ತಲಿನ ಊರಿನವರಿಗೆ ಆದ್ಯತೆ ಕೊಡುವುದು ಒಳ್ಳೆಯದು. ಮನೆ ಹತ್ತಿರವಿದ್ದವರು ಬೇಗ ಬಿಟ್ಟುಹೋಗುವುದಿಲ್ಲ. ಊರಿನ ಬೆಳೆ, ಜನ ಅವರಿಗೆ ಗೊತ್ತು. ಆದರೆ ನಿರ್ದೇಶಕರ ಸಮೀಪದ ನೆಂಟರನ್ನು ನೇಮಿಸುವುದು ಲೇಸಲ್ಲ. ತಪ್ಪಾದಾಗ ಕೇಳುವವರಿಲ್ಲ, ಸರಿಯಾಗಿದ್ದರೂ ನಂಬುವವರಿಲ್ಲ ಎಂಬಂತಾಗುತ್ತದೆ.

4. ಸಂದರ್ಶನದ ಜೊತೆಗೆ ಒಂದು ಕೆಲಸ ಮಾಡಿಸಿ ನೋಡಬೇಕು. ಒಂದು ತಿಂಗಳ ದಾಸ್ತಾನು ಪುಸ್ತಕ ಕೊಟ್ಟು ತಾಳೆ ನೋಡಿಸುವುದು, ಹತ್ತಿರದ ಎ.ಪಿ.ಎಂ.ಸಿ.ಗೆ ಕಳುಹಿಸಿ ಧಾರಣೆ ವಿಚಾರಿಸಿ ಬರಲು ಹೇಳುವುದು ಸುಲಭದ ಪರೀಕ್ಷೆಗಳು.

5. ಸಂಬಳ, ರಜೆ, ಪ್ರಯಾಣ ವೆಚ್ಚ, ಪರೀಕ್ಷಾವಧಿ, ಕೆಲಸ ಬಿಡುವ ಮುನ್ನ ಕೊಡಬೇಕಾದ ನೋಟೀಸು ಇವನ್ನೆಲ್ಲ ನೇಮಕಾತಿ ಪತ್ರದಲ್ಲಿ ಬರೆದು ಕೊಡಬೇಕು.

ಸಂಬಳದ ಲೆಕ್ಕ

ಕೇಂದ್ರ ಸರ್ಕಾರವು 2020ರಲ್ಲಿ ಪ್ರಾರಂಭಿಸಿದ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಲ್ಲಿ ಪ್ರತಿ ಸಂಸ್ಥೆಯ ನಿರ್ವಹಣಾ ವೆಚ್ಚಕ್ಕೆ ಮೂರು ವರ್ಷಗಳಲ್ಲಿ ಒಟ್ಟು 18 ಲಕ್ಷ ರೂಪಾಯಿಗಳವರೆಗೆ ನೆರವನ್ನು ಗೊತ್ತುಮಾಡಲಾಯಿತು. ಇದರಲ್ಲಿ ಮುಖ್ಯ ಕಾರ್ಯನಿರ್ವಾಹಕರ ಸಂಬಳಕ್ಕೆ ತಿಂಗಳಿಗೆ 25,000 ರೂ., ಲೆಕ್ಕಿಗರಿಗೆ 10,000 ರೂ.ಗಳ ಮಿತಿಯಿದೆ. ಮೂರು ವರ್ಷಗಳ ನಂತರ ಸಂಬಳವನ್ನು ಕಂಪನಿಯೇ ಗಳಿಸಬೇಕು. ಅನೇಕ ಕಂಪನಿಗಳು ಎಡವುವುದು ಇಲ್ಲಿಯೇ.

ಉದಾಹರಣೆಗೆ ಈ ಲೆಕ್ಕವನ್ನು ನೋಡಬಹುದು. ಮೇಲಿನ ದರದಲ್ಲಿಯೇ ಇಬ್ಬರ ಸಂಬಳ ವರ್ಷಕ್ಕೆ 4,20,000 ರೂ. ಆಗುತ್ತದೆ. ಇತರ ಖರ್ಚುಗಳನ್ನು ಕಳೆದು ನೂರು ರೂಪಾಯಿ ವ್ಯಾಪಾರಕ್ಕೆ 4 ರೂ. ಉಳಿಯುತ್ತದೆ ಎಂದುಕೊಂಡರೆ, ಈ ಸಂಬಳ ಹುಟ್ಟಲು ವರ್ಷಕ್ಕೆ 1 ಕೋಟಿ 5 ಲಕ್ಷ ರೂ. ವ್ಯಾಪಾರವಾಗಬೇಕು. 300 ಸದಸ್ಯರಿದ್ದರೆ ಒಬ್ಬೊಬ್ಬರಿಂದ 35,000 ರೂ., 500 ಸದಸ್ಯರಿದ್ದರೆ 21,000 ರೂ. ವ್ಯವಹಾರ ನಡೆಯಬೇಕು. ಅಂದರೆ ಕಾರ್ಯನಿರ್ವಾಹಕರು ಉಳಿಯುವುದು ಮಂಡಳಿಯ ಕೈಯಲ್ಲಿ ಮಾತ್ರವಲ್ಲ, ಸದಸ್ಯರ ಕೈಯಲ್ಲಿಯೂ ಇದೆ. ಗೊಬ್ಬರವನ್ನು ಬೇರೆ ಅಂಗಡಿಯಲ್ಲಿ ಕೊಂಡು, ಫಸಲನ್ನು ದಲ್ಲಾಳಿಗೆ ಕೊಟ್ಟು, ಕಂಪನಿ ಏಳಿಗೆಯಾಗಲಿಲ್ಲ ಎಂದರೆ ಅರ್ಥವಿಲ್ಲ.

ಮೊದಲ ವರ್ಷದಿಂದಲೇ ಲಾಭದ ಒಂದು ಭಾಗವನ್ನು ಮುಂದಿನ ಸಂಬಳಕ್ಕೆಂದು ಬೇರೆ ಇಡುವುದು ಜಾಣತನ. ಸಂಬಳದ ಜೊತೆಗೆ ಪ್ರೋತ್ಸಾಹ ಧನ ಕೊಡುವುದಾದರೆ ಅದು ಲೆಕ್ಕ ಪರಿಶೋಧನೆಯಾದ ನಿವ್ವಳ ಲಾಭದ ಮೇಲಿರಲಿ. ಮಾರಾಟದ ಮೊತ್ತದ ಮೇಲಿಟ್ಟರೆ ಸಾಲದ ಮಾರಾಟ ಹೆಚ್ಚಿ, ವಸೂಲಿ ನಿಲ್ಲುವ ಅಪಾಯವುಂಟು.

ಉತ್ಸಾಹ ಉಳಿಯಲು ಏನು ಮಾಡಬೇಕು?

ಒಳ್ಳೆಯ ಕಸಿ ಗಿಡ ತಂದು ನೆಟ್ಟವರು ನೀರು, ಗೊಬ್ಬರ, ಆಸರೆ ಕೊಡದಿದ್ದರೆ ಗಿಡದ ತಳಿಯನ್ನು ದೂರಿ ಫಲವಿಲ್ಲ. ನೌಕರರ ವಿಷಯವೂ ಹಾಗೆಯೇ. ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು:

ಅ) ವರ್ಷದ ಗುರಿಯನ್ನು ಮಂಡಳಿ ಮತ್ತು ಕಾರ್ಯನಿರ್ವಾಹಕರು ಕೂಡಿ ಬರೆಯಬೇಕು. ಎಷ್ಟು ಮೂಟೆ, ಎಷ್ಟು ಟನ್, ಎಷ್ಟು ಸದಸ್ಯರು ಎಂಬುದು ಅಂಕಿಗಳಲ್ಲಿರಲಿ.

ಆ) ಇಷ್ಟು ಮೊತ್ತದವರೆಗಿನ ಖರೀದಿಯನ್ನು ಕಾರ್ಯನಿರ್ವಾಹಕರೇ ನಿರ್ಧರಿಸಬಹುದು ಎಂದು ಮಂಡಳಿ ನಿರ್ಣಯ ಮಾಡಿಕೊಡಬೇಕು. ಪೇಟೆಯಲ್ಲಿ ಧಾರಣೆ ಬೆಳಿಗ್ಗೆ ಇದ್ದಂತೆ ಸಂಜೆ ಇರುವುದಿಲ್ಲ. ಪ್ರತಿಯೊಂದಕ್ಕೂ ಸಭೆ ಕರೆಯಲಾಗದು.

ಇ) ಸೂಚನೆಗಳು ಮಂಡಳಿಯ ಸಭೆಯಿಂದ ಅಥವಾ ಅಧ್ಯಕ್ಷರಿಂದ ಮಾತ್ರ ಬರಬೇಕು. ಹತ್ತು ನಿರ್ದೇಶಕರು ಹತ್ತು ರೀತಿ ಹೇಳತೊಡಗಿದರೆ ಎಂಥವರೂ ಬೇಸತ್ತು ಹೋಗುತ್ತಾರೆ.

ಈ) ನಿರ್ದೇಶಕರು ತಮಗಾಗಲಿ ತಮ್ಮವರಿಗಾಗಲಿ ಸಾಲ ಕೊಡಿಸಲು ಒತ್ತಾಯ ಮಾಡಬಾರದು. ಪ್ರಾಮಾಣಿಕರು ಬಿಟ್ಟುಹೋಗಲು ಇಂಥ ಒತ್ತಾಯವೇ ಸಾಕು.

ಉ) ತಪ್ಪು ಕಂಡಾಗ ಮಳಿಗೆಯಲ್ಲಿ ನಾಲ್ಕು ಜನರ ಮುಂದೆ ಗದರಿಸದೆ ಸಭೆಯಲ್ಲಿ ವಿಚಾರಿಸಬೇಕು. ಕೆಲಸ ಚೆನ್ನಾದಾಗ ಸರ್ವ ಸದಸ್ಯರ ಸಭೆಯಲ್ಲಿ ಹೆಸರು ಹೇಳಿ ಮೆಚ್ಚಬೇಕು.

ಊ) ವರ್ಷಕ್ಕೊಮ್ಮೆಯಾದರೂ ತರಬೇತಿಗೆ ಕಳುಹಿಸಬೇಕು. ತರಬೇತಾದವರು ಬಿಟ್ಟುಹೋದಾರು ಎಂಬ ಭಯ ಬೇಡ. ಹೊಸದನ್ನು ಕಲಿಯಲು ದಾರಿಯಿಲ್ಲದ ಕಡೆ ಬುದ್ಧಿವಂತರು ನಿಲ್ಲುವುದಿಲ್ಲ.

ಸ್ವಾತಂತ್ರ್ಯದ ಜೊತೆಗೆ ಹತೋಟಿಯೂ ಬೇಕು. ತಿಂಗಳಿಗೊಮ್ಮೆ ದಾಸ್ತಾನು ಎಣಿಕೆ, ಬ್ಯಾಂಕ್ ಲೆಕ್ಕದ ತಾಳೆ, ಚೆಕ್ಕುಗಳಿಗೆ ಇಬ್ಬರ ಸಹಿ ಇವು ಅಪನಂಬಿಕೆಯ ಗುರುತಲ್ಲ. ಪ್ರಾಮಾಣಿಕ ನೌಕರರಿಗೆ ಇವೇ ರಕ್ಷಣೆ.

ಬಿಟ್ಟು ಹೋಗುವ ಸಂದರ್ಭ ಬಂದರೆ

ಎಷ್ಟೇ ಎಚ್ಚರ ವಹಿಸಿದರೂ ಕೆಲವರು ಹೋಗುತ್ತಾರೆ. ಕಾರಣವನ್ನು ಸಮಾಧಾನದಿಂದ ಕೇಳಿ ಬರೆದಿಟ್ಟುಕೊಳ್ಳಬೇಕು. ಮುಂದಿನವರಿಗೆ ಅದೇ ಕಾರಣ ಉಳಿಯಬಾರದು. ವ್ಯಾಪಾರಿಗಳ ವಿಳಾಸ, ಪರವಾನಗಿಗಳ ನವೀಕರಣದ ದಿನಾಂಕ, ಬಾಕಿ ಪಟ್ಟಿ, ಕಂಪ್ಯೂಟರಿನ ಗುಪ್ತಪದಗಳು ಇವು ಒಬ್ಬರ ತಲೆಯಲ್ಲಿ ಮಾತ್ರ ಇರದೆ ಕಂಪನಿಯ ದಾಖಲೆಯಲ್ಲಿರಬೇಕು. ಲೆಕ್ಕಿಗರನ್ನೋ ಮಳಿಗೆಯ ಸಹಾಯಕರನ್ನೋ ಮುಂಚಿನಿಂದಲೇ ತಯಾರು ಮಾಡಿದ್ದರೆ ಬಿತ್ತನೆ ಕಾಲದಲ್ಲಿ ಮಳಿಗೆ ಮುಚ್ಚುವ ಪ್ರಸಂಗ ಬಾರದು.

ವಿಸ್ತರಣಾ ಕಾರ್ಯಕರ್ತರ ಪಾತ್ರ

ವಿಸ್ತರಣಾ ಕಾರ್ಯಕರ್ತರು ಕಂಪನಿಗಳಿಗೆ ಭೇಟಿ ಕೊಟ್ಟಾಗ ಸದಸ್ಯರ ಸಂಖ್ಯೆ, ಷೇರು ಮೊತ್ತಗಳನ್ನು ಕೇಳುವುದರ ಜೊತೆಗೆ, ಕಾರ್ಯನಿರ್ವಾಹಕರಿಗೆ ಸಂಬಳ ಸಕಾಲಕ್ಕೆ ಸಿಗುತ್ತಿದೆಯೇ, ನೆರವು ಮುಗಿದ ಮೇಲಿನ ಸಂಬಳಕ್ಕೆ ಏನು ಏರ್ಪಾಡು ಎಂದೂ ವಿಚಾರಿಸಬೇಕು. ನಿರ್ದೇಶಕರಿಗೆ ಕೊಡುವ ತರಬೇತಿಯಲ್ಲಿ ಈ ವಿಷಯಕ್ಕೆ ಒಂದು ಪಾಠವನ್ನಾದರೂ ಮೀಸಲಿಡಬೇಕು.

ಕಾರ್ಯನಿರ್ವಾಹಕರ ಸಂಬಳವನ್ನು ದಂಡದ ಖರ್ಚೆಂದು ಬಗೆಯುವ ಕಂಪನಿಗೆ ಒಳ್ಳೆಯವರು ದಕ್ಕುವುದಿಲ್ಲ. ನೆರವಿನ ಮೂರು ವರ್ಷಗಳಲ್ಲಿಯೇ ಆ ಸಂಬಳಕ್ಕೆ ತಕ್ಕ ವ್ಯಾಪಾರ ಬೆಳೆಸಿ, ಕೆಲಸ ಮಾಡುವವರಿಗೆ ಅಧಿಕಾರ ಮತ್ತು ಗೌರವ ಎರಡನ್ನೂ ಕೊಟ್ಟ ಕಂಪನಿಗಳು ಮಾತ್ರ ನಾಲ್ಕನೆಯ ವರ್ಷದಲ್ಲಿಯೂ ಬಾಗಿಲು ತೆರೆದಿರುತ್ತವೆ.