ಚಪ್ಪಟೆ ಪೆನ್ನಿಯೂ ಹುಣಸೆಹಣ್ಣೂ



ಅಮೆರಿಕದಿಂದ ಬಂದ ಅಕ್ಕನೋ ಮಾವನೋ ಚಾಕಲೇಟಿನ ಜೊತೆಗೆ ಕೊಟ್ಟ, ಕೋಳಿಮೊಟ್ಟೆಯ ಆಕಾರದ ತಾಮ್ರದ ತೆಳುವಾದ ಬಿಲ್ಲೆಯೊಂದು ನಿಮ್ಮ ಮನೆಯ ಷೋಕೇಸಿನಲ್ಲಿ ಬಿದ್ದಿದೆಯೇ? ಮೇಲೆ ಜಲಪಾತವೋ ಕರಡಿಯೋ ಎತ್ತರದ ಕಟ್ಟಡವೋ ಮೂಡಿರುತ್ತದೆ. ಕೀ ಚೈನಿನ ತುಂಡೆಂದು ಬಿಸಾಡಬೇಡಿ. ಅದು ಒಂದು ಕಾಲಕ್ಕೆ ಚಲಾವಣೆಯಲ್ಲಿದ್ದ ನಾಣ್ಯ. ಅಮೆರಿಕದವರು ಪೆನ್ನಿ ಎಂದು ಕರೆಯುವ ಒಂದು ಸೆಂಟು. ಬಿ.ಎ. ತರಗತಿಯಲ್ಲಿ ಡಿಕನ್ಸ್ ಓದುವಾಗ ಪೆನ್ನಿ ಎಂದರೆ ಇಂಗ್ಲೆಂಡಿನದು ಮಾತ್ರ ಎಂದುಕೊಂಡಿದ್ದೆ. ಅಮೆರಿಕದ ಸರ್ಕಾರಿ ಕಾಗದಗಳಲ್ಲಿ ಅದರ ಹೆಸರು ಸೆಂಟ್, ಜನರ ಬಾಯಲ್ಲಿ ಮಾತ್ರ ಪೆನ್ನಿ.

ನಾನು ಈ ಯಂತ್ರವನ್ನು ಮೊದಲು ನೋಡಿದ್ದು 2019ರ ಬೇಸಿಗೆಯಲ್ಲಿ, ನಯಾಗರಾದ ಹತ್ತಿರದ ಒಂದು ಅಂಗಡಿಯ ಬಾಗಿಲಲ್ಲಿ. ಷಿಕಾಗೋದಲ್ಲಿರುವ ಮಗಳ ಮನೆಗೆ ನಾವಿಬ್ಬರೂ ಮೊದಲ ಸಲ ಹೋಗಿದ್ದೆವು. ಗಾಜಿನ ಪೆಟ್ಟಿಗೆ, ಒಳಗೆ ಹಲ್ಲುಚಕ್ರಗಳು, ಹೊರಗೆ ದೊಡ್ಡದೊಂದು ಹಿಡಿಕೆ. ಕಾಲು ಡಾಲರಿನ ಎರಡು ನಾಣ್ಯ, ಒಂದು ಪೆನ್ನಿ ಹಾಕಿ ಹಿಡಿಕೆ ತಿರುಗಿಸಬೇಕು. ಎರಡು ಉಕ್ಕಿನ ಉರುಳೆಗಳ ನಡುವೆ ಪೆನ್ನಿ ಸಿಕ್ಕಿ, ಕಬ್ಬಿನ ಗಾಣದಲ್ಲಿ ಜಲ್ಲೆ ಹೋದ ಹಾಗೆ ಹೋಗುತ್ತದೆ. ಒಂದು ಉರುಳೆಯಲ್ಲಿ ಚಿತ್ರವನ್ನು ತಿರುವುಮುರುವಾಗಿ ಕೆತ್ತಿರುತ್ತಾರೆ. 19 ಮಿಲಿಮೀಟರಿನ ದುಂಡು ನಾಣ್ಯ ಸುಮಾರು ಅದರ ಎರಡರಷ್ಟು ಉದ್ದವಾಗಿ, ಚಿತ್ರ ಹೊತ್ತು ಕೆಳಗೆ ಬೀಳುತ್ತದೆ. ನಾಲ್ಕು ವರ್ಷದ ಮೊಮ್ಮಗನಿಗೆ ಹಿಡಿಕೆ ಎಟುಕಲಿಲ್ಲ. ಅವನ ಅಜ್ಜ ತಿರುಗಿಸಿದರು, ಇವನು ಅವರ ಕೈ ಮೇಲೆ ಕೈ ಇಟ್ಟುಕೊಂಡ. "ಐವತ್ತು ಸೆಂಟು ಕೊಟ್ಟು ಒಂದು ಸೆಂಟು ಹಾಳು ಮಾಡಿಕೊಳ್ಳೋದು, ಛಲೋ ವ್ಯಾಪಾರ!" ಎಂದು ಇವರು ನಕ್ಕರು. ಆದರೆ ಮುಂದಿನ ಊರಿನಲ್ಲಿ ಯಂತ್ರ ಎಲ್ಲಿದೆ ಎಂದು ಮೊದಲು ಕೇಳಿದವರೂ ಇವರೇ.

ಇದು ಹೊಸ ಆಟವೇನಲ್ಲ. 1893ರಲ್ಲಿ ಷಿಕಾಗೋದಲ್ಲಿ ನಡೆದ ಕೊಲಂಬಿಯನ್ ವಿಶ್ವಮೇಳದಲ್ಲೇ ಜನ ಹೀಗೆ ಪೆನ್ನಿ ಒತ್ತಿಸಿಕೊಂಡು ಹೋಗಿದ್ದರು. ಆ ಮೇಳದ ಅಂಗವಾಗಿಯೇ ಸರ್ವಧರ್ಮ ಸಮ್ಮೇಳನ ಸೇರಿದ್ದು, ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತನಾಡಿದ್ದು. ಶಾಲೆಯಲ್ಲಿ ಆ ಭಾಷಣದ ಬಗ್ಗೆ ಎಷ್ಟು ಸಲ ಪ್ರಬಂಧ ಬರೆದಿದ್ದೇನೋ! ಅದೇ ಊರಿನಲ್ಲಿ ಅದೇ ವರ್ಷ ಜನ ಸಾಲಾಗಿ ನಿಂತು ಪೆನ್ನಿ ಚಪ್ಪಟೆ ಮಾಡಿಸುತ್ತಿದ್ದರು ಎಂಬುದು ಮಾತ್ರ ಯಾವ ಮೇಷ್ಟರೂ ಹೇಳಿರಲಿಲ್ಲ.

ಈಗ ನನ್ನ ತಪ್ಪಿನ ಕಥೆ. 2021ರಲ್ಲಿ ನಮ್ಮ ಯಜಮಾನರು ತೀರಿಕೊಂಡರು. 2023ರಲ್ಲಿ ಮಗಳು ಒತ್ತಾಯ ಮಾಡಿ ನನ್ನನ್ನು ಕರೆಸಿಕೊಂಡಳು. ಒಂದು ಶುಕ್ರವಾರ ದೇವರ ಪಂಚಪಾತ್ರೆ, ಉದ್ಧರಣೆ ಎಲ್ಲ ಸಿಂಕಿನಲ್ಲಿಟ್ಟು ತಿಕ್ಕಲು ಕುಳಿತೆ. ಮೊಮ್ಮಗನ ಮೇಜಿನ ಮೇಲೆ ಆ ನಯಾಗರಾ ಪೆನ್ನಿ ಕಂಡಿತು, ಕಂದು ಹಿಡಿದು ಮಂಕಾಗಿತ್ತು. ತಾಮ್ರ ತಾನೇ, ಫಳಫಳ ಮಾಡಿಕೊಟ್ಟರೆ ಹುಡುಗ ಖುಷಿಪಟ್ಟಾನು ಎಂದು ಹುಣಸೆಹಣ್ಣು, ಉಪ್ಪು ಬಳಿದಿಟ್ಟು, ಸ್ವಲ್ಪ ಹೊತ್ತು ಬಿಟ್ಟು ನಾರಿನಿಂದ ತಿಕ್ಕಿದೆ. ಪಂಚಪಾತ್ರೆ ಹೊಳೆಯಿತು. ಪೆನ್ನಿಯ ಮೇಲೆ ಬೂದುಬಣ್ಣದ ಮಚ್ಚೆಗಳೆದ್ದವು, ಜಲಪಾತದ ಅರ್ಧ ಗೆರೆ ಅಳಿಸಿಹೋಯಿತು.

"ಅಮ್ಮಾ, ಅದನ್ನ್ಯಾಕ ತಿಕ್ಕಿದಿ?" ಎಂದಳು ಮಗಳು. ಹುಡುಗ ಏನೂ ಅನ್ನಲಿಲ್ಲ. ಒರೆಸಿಕೊಂಡು ಹೋಗಿ ತನ್ನ ಪುಸ್ತಕದಲ್ಲಿ ಸಿಕ್ಕಿಸಿದ. ಅಂದು ರಾತ್ರಿ ಅವನು ನನ್ನ ಹತ್ತಿರ ಮಲಗಲು ಬರಲಿಲ್ಲ.

ಏಕೆ ಹೀಗಾಯಿತೆಂದು ಆಮೇಲೆ ತಿಳಿಯಿತು. 1982ರ ಮಧ್ಯದವರೆಗೆ ಪೆನ್ನಿಯಲ್ಲಿ ನೂರಕ್ಕೆ 95 ಭಾಗ ತಾಮ್ರವಿತ್ತು. ತಾಮ್ರದ ಬೆಲೆ ಏರಿದ್ದರಿಂದ ಆ ವರ್ಷ ಸರ್ಕಾರ ಸತುವಿಗೆ ಬದಲಾಯಿಸಿತು. ಈಗಿನ ಪೆನ್ನಿಯ ನೂರಕ್ಕೆ ತೊಂಬತ್ತೇಳೂವರೆ ಭಾಗ ಸತು, ತಾಮ್ರ ಬರೀ ಮೇಲಿನ ಲೇಪ. ಯಂತ್ರದಲ್ಲಿ ಎಳೆದಾಗ ಆ ಲೇಪ ಇನ್ನೂ ತೆಳುವಾಗುತ್ತದೆ. ಕೆಲವು ಕಡೆ ಹರಿದು ಬೆಳ್ಳಿಯಂಥ ಗೆರೆ ಕಾಣುತ್ತದೆ. ಹುಳಿ ತಾಗಿದರೆ ಸತು ಉಳಿಯುವುದಿಲ್ಲ. ಪಂಚಪಾತ್ರೆಗೆ ಹೇಳಿದ ಮದ್ದು ಪೆನ್ನಿಗೆ ಹೇಳಿದ್ದಲ್ಲ.

ಹಾಗಾಗಿ ನೀವು ಅಥವಾ ನಿಮ್ಮವರು ಅಲ್ಲಿಗೆ ಹೋದರೆ 1982ಕ್ಕಿಂತ ಹಿಂದಿನ ಇಸವಿಯ ಹತ್ತಿಪ್ಪತ್ತು ಪೆನ್ನಿಗಳನ್ನು ಮೊದಲೇ ಆರಿಸಿ ಜೇಬಿನಲ್ಲಿಟ್ಟುಕೊಳ್ಳಿ. ತಿಕ್ಕುವುದಿದ್ದರೆ ಒತ್ತಿಸುವ ಮೊದಲೇ ತಿಕ್ಕಿ. ಆ ಹಳೇ ನಾಣ್ಯಕ್ಕೆ ನಮ್ಮ ಹುಣಸೆಹಣ್ಣೇ ಆಗುತ್ತದೆ, ಚೆನ್ನಾಗಿ ತೊಳೆದು ಒರೆಸಿದರಾಯಿತು. ಒತ್ತಿದ ಮೇಲೆ ಮಾತ್ರ ಮೆತ್ತನೆಯ ಒಣಬಟ್ಟೆಯಿಂದ ಮುಟ್ಟಿದರೆ ಸಾಕು. ಅಂಚು ಹಿಡಿದು ಎತ್ತಬೇಕು, ಬೆವರಿನ ಬೆರಳಚ್ಚು ತಾಮ್ರದ ಮೇಲೆ ಕಲೆಯಾಗಿ ಉಳಿಯುತ್ತದೆ. ಇಡುವುದಕ್ಕೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಮೆತ್ತನೆಯ ಪಿ.ವಿ.ಸಿ. ಪ್ಲಾಸ್ಟಿಕ್ಕಿನ ಆಲ್ಬಮ್ ಬೇಡ. ಕಾಲಕ್ರಮೇಣ ಅದು ಬಿಡುವ ರಾಸಾಯನಿಕದಿಂದ ತಾಮ್ರಕ್ಕೆ ಹಸಿರು ಅಂಟು ಹತ್ತುತ್ತದೆ. ನಮ್ಮ ಡೊಂಬಿವಲಿಯ ಮಳೆಗಾಲದಲ್ಲಂತೂ ಹಪ್ಪಳದ ಡಬ್ಬಿಯೇ ಒದ್ದೆಯಾಗುತ್ತದೆ, ನಾಣ್ಯದ ಗತಿಯೇನು? ಹೊಸ ಬೂಟಿನ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ಲಿನ ಪುಟ್ಟ ಚೀಲವನ್ನು ಎಸೆಯದೆ ಡಬ್ಬಿಯೊಳಗೆ ಹಾಕಿಡಿ.

ನಾಣ್ಯವನ್ನು ಹೀಗೆ ಕೆಡಿಸುವುದು ಅಪರಾಧವಲ್ಲವೇ ಎಂದು ನಿಮ್ಮಲ್ಲಿ ಕಾನೂನು ಓದುವವರು ಕೇಳಬಹುದು. ಅಮೆರಿಕದ ಕಾನೂನು ಮೋಸದ ಉದ್ದೇಶದಿಂದ ಕೆಡಿಸಿದರೆ ಮಾತ್ರ ಶಿಕ್ಷಿಸುತ್ತದೆ. ನಮ್ಮ ದೇಶದಲ್ಲಿ ಹಾಗಲ್ಲ, 2011ರ ನಾಣ್ಯ ಕಾಯ್ದೆ ನಾಣ್ಯ ಕರಗಿಸುವುದನ್ನೂ ನಾಶಮಾಡುವುದನ್ನೂ ನಿಷೇಧಿಸಿದೆ. ನಮ್ಮ ಕಾಲದಲ್ಲಿ ಹುಬ್ಬಳ್ಳಿಯ ರೈಲ್ವೆ ವಸಾಹತಿನ ಹುಡುಗರು ಹಳಿಯ ಮೇಲೆ ಐದು ಪೈಸೆ ಇಟ್ಟು ಕಾಯುತ್ತಿದ್ದರು. ಗಾಡಿ ಹೋದ ಮೇಲೆ ಚೌಕದ ಅಲ್ಯುಮಿನಿಯಂ ನಾಣ್ಯ ಹಪ್ಪಳವಾಗುತ್ತಿತ್ತು. ನನ್ನ ಅಣ್ಣನೂ ಇಟ್ಟಿದ್ದ. ರೈಲ್ವೆಯಲ್ಲೇ ಕೆಲಸಕ್ಕಿದ್ದ ಅಪ್ಪ ಅವನಿಗೆ ಬಾರಿಸಿದ ಸದ್ದು ಪಕ್ಕದ ಕ್ವಾರ್ಟರ್ಸಿಗೂ ಕೇಳಿತ್ತು. ನಾಣ್ಯಕ್ಕಾಗಿ ಅಲ್ಲ, ಹಳಿಯ ಮೇಲೆ ಬಗ್ಗಿದ ತಲೆಗಾಗಿ. ನೀವು ಲೋಕಲ್ ಹಳಿಯ ಹತ್ತಿರ ಇಂಥ ಸಾಹಸಕ್ಕೆ ಹೋಗಬೇಡಿ.

ನಮಗೆ ಒತ್ತುವ ಯಂತ್ರ ಬೇಕಾಗಿಯೂ ಇಲ್ಲ. ಊರಿಗೆ ಹಿಂತಿರುಗಿದ ಮೇಲೆ ಅತ್ತೆಯವರ ಹಳೇ ಬಿಸ್ಕತ್ತಿನ ಡಬ್ಬಿ ತೆಗೆದೆ. ಅಂಚು ಅಲೆಅಲೆಯಾದ ಹತ್ತು ಪೈಸೆ, ಷಟ್ಕೋನದ ಇಪ್ಪತ್ತು ಪೈಸೆ, 2011ರ ಜೂನ್ ಕೊನೆಗೆ ಚಲಾವಣೆ ನಿಂತ ನಾಲ್ಕಾಣೆ. ಅಡಿಯಲ್ಲಿ ನಡುವೆ ತೂತಿರುವ 1943ರ ಒಂದು ಕಾಸು. ಯುದ್ಧಕಾಲದಲ್ಲಿ ತಾಮ್ರ ಉಳಿಸಲು ಸರ್ಕಾರ ನಾಣ್ಯದ ನಡುವೆಯೇ ತೂತು ಮಾಡಿತ್ತು. ಇದನ್ನು ಅತ್ತೆಯವರು ಎಳೆ ಮಗುವಾಗಿದ್ದಾಗ ಉಡಿದಾರಕ್ಕೆ ಕಟ್ಟಿದ್ದರಂತೆ. ಫೋನಿನಲ್ಲಿ ಮೊಮ್ಮಗನಿಗೆ ತೋರಿಸಿದೆ. ಅವನು ತಕ್ಷಣ, ಅದೇ 1943ರಲ್ಲಿ ಅಮೆರಿಕದಲ್ಲೂ ತಾಮ್ರ ಉಳಿಸಲು ಉಕ್ಕಿನ ಪೆನ್ನಿ ಮಾಡಿದ್ದರು ಎಂದ! ತಿಕ್ಕಿದ ದಿನದ ನಂತರ ಅವನು ನನ್ನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು. "ಉಡಿದಾರ ಅಂದ್ರೇನು ಅಜ್ಜಿ?" ಎಂದೂ ಕೇಳಿದ. ಅರ್ಧ ಗಂಟೆ ಹಿಡಿಯಿತು ವಿವರಿಸಲು.

ಅಲ್ಲಿಂದ ನಮ್ಮ ಕೊಡುಕೊಳ್ಳುವಿಕೆ ಶುರುವಾಯಿತು. ಅವನು ಒತ್ತಿಸಿದ ಪ್ರತಿ ಪೆನ್ನಿಯ ಚಿತ್ರ ನನಗೆ ಬರುತ್ತದೆ. ನಾನು ಯಾವ ಊರು, ಯಾವ ದಿನ, ಯಾರು ಜೊತೆಗಿದ್ದರು ಎಂದು ಕನ್ನಡದಲ್ಲಿ ಚೀಟಿ ಬರೆದು ಕಳಿಸುತ್ತೇನೆ. ಅವನು ನೋಡಿಕೊಂಡು ತನ್ನ ಪುಸ್ತಕದಲ್ಲಿ ನಕಲು ಮಾಡುತ್ತಾನೆ. "ಷ" ಅವನಿಗೆ ಇನ್ನೂ ಬಗ್ಗಿಲ್ಲ, ಷಿಕಾಗೋ ಪ್ರತಿ ಸಲ ಪಿಕಾಗೋ ಆಗುತ್ತದೆ. 2025ರ ನವೆಂಬರ್ 12ರಂದು ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಚಲಾವಣೆಗೆಂದು ಕಡೆಯ ಪೆನ್ನಿ ಒತ್ತಿದರು. ಒಂದು ಸೆಂಟಿನ ನಾಣ್ಯಕ್ಕೆ ಮೂರೂವರೆ ಸೆಂಟಿಗೂ ಮಿಕ್ಕಿ ಖರ್ಚಾಗುತ್ತಿತ್ತಂತೆ. 1793ರಿಂದ ಬಂದದ್ದು ಮುಗಿಯಿತು. ಜನರ ಕೈಯಲ್ಲಿರುವವು ಇನ್ನೂ ನಡೆಯುತ್ತವೆ. ಹುಡುಗ ಮಾತ್ರ ಗಾಬರಿಯಾಗಿ ಒಂದು ಹಾರ್ಲಿಕ್ಸ್ ಬಾಟಲಿ ತುಂಬ ಹಳೇ ಪೆನ್ನಿ ಕೂಡಿಟ್ಟಿದ್ದಾನೆ.

ಹೋದ ತಿಂಗಳು ಅವನು ತನ್ನ ಪುಸ್ತಕದ ಮೊದಲ ಪುಟದ ಚಿತ್ರ ಕಳಿಸಿದ. ಆ ನಯಾಗರಾ ಪೆನ್ನಿ, ಮಚ್ಚೆಗಳ ಸಮೇತ. ಕೆಳಗಿನ ಚೀಟಿ ನಾನು ಬರೆದುಕೊಟ್ಟದ್ದಲ್ಲ, ಅವನದೇ: "ಅಜ್ಜ ತಿರುಗಿಸಿದ್ದು. ಅಜ್ಜಿ ತಿಕ್ಕಿದ್ದು."

ಬರುವ ಡಿಸೆಂಬರಿನಲ್ಲಿ ಅವರೆಲ್ಲ ಇಲ್ಲಿಗೆ ಬರುತ್ತಿದ್ದಾರೆ. ಡಬ್ಬಿಯ ನಾಣ್ಯಗಳನ್ನು ಅವನಿಗಾಗಿ ಜೋಡಿಸುತ್ತಿದ್ದೇನೆ. ಮೂರು ಪೈಸೆಯದೊಂದು ಸಿಕ್ಕಿಲ್ಲ, ಆರು ಮೂಲೆಯ ಅಲ್ಯುಮಿನಿಯಂ ನಾಣ್ಯ, 1964ರಿಂದೀಚಿನದು. ನಿಮ್ಮ ಅಜ್ಜಿಯ ಡಬ್ಬಿಯಲ್ಲಿ ಎರಡಿದ್ದರೆ ಒಂದನ್ನು ಪೆನ್ನಿಗೆ ಬದಲಾಯಿಸಿಕೊಳ್ಳೋಣ. ಸಂಘದ ರಾಜ್ಯೋತ್ಸವದ ದಿನ ನಾನು ಊಟದ ಕೂಪನ್ನಿನ ಮೇಜಿನಲ್ಲಿರುತ್ತೇನೆ. ತರುವಾಗ ಮಾತ್ರ ತಿಕ್ಕಬೇಡಿ.