ರಕ್ತದ ಘಟಕಗಳ ಸಂಗ್ರಹಣೆ

ರಕ್ತದ ಘಟಕಗಳ ಸಂಗ್ರಹಣೆ ಎಂದರೆ ದಾನಿಯಿಂದ ಪಡೆದ ರಕ್ತವನ್ನು ಕೆಂಪು ರಕ್ತಕಣ, ಪ್ಲೇಟ್‌ಲೆಟ್ ಮತ್ತು ಪ್ಲಾಸ್ಮಾಗಳಾಗಿ ಬೇರ್ಪಡಿಸಿ, ರೋಗಿಗೆ ನೀಡುವವರೆಗೆ ಕೆಡದಂತೆ ಕಾಪಾಡುವ ವಿಧಾನ. ಈ ಮೂರು ಘಟಕಗಳಿಗೆ ಬೇಕಾದ ಉಷ್ಣತೆ ಬೇರೆ ಬೇರೆ. ಒಂದನ್ನು ಉಳಿಸುವ ಶೀತವು ಇನ್ನೊಂದನ್ನು ನಿರುಪಯುಕ್ತಗೊಳಿಸುವುದರಿಂದ ರಕ್ತನಿಧಿಯಲ್ಲಿ ಒಂದೇ ಫ್ರಿಜ್ ಸಾಲದು.

ಕೆಂಪು ರಕ್ತಕಣಗಳು

ಭಾರತದಲ್ಲಿ ದಾನಿಯಿಂದ ಸಾಮಾನ್ಯವಾಗಿ ೩೫೦ ಅಥವಾ ೪೫೦ ಮಿಲಿಲೀಟರ್ ರಕ್ತವನ್ನು ಪಡೆಯಲಾಗುತ್ತದೆ. ಚೀಲದಲ್ಲಿ ಮೊದಲೇ ಇರುವ ದ್ರಾವಣದ ಸಿಟ್ರೇಟ್, ರಕ್ತದ ಕ್ಯಾಲ್ಸಿಯಂ ಅನ್ನು ಬಂಧಿಸಿ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಡೆಕ್ಸ್‌ಟ್ರೋಸ್ ಮತ್ತು ಅಡೆನಿನ್ ಕಣಗಳಿಗೆ ಶಕ್ತಿ ಒದಗಿಸಲು ನೆರವಾಗುತ್ತವೆ. ಕೆಂಪು ಕಣಗಳನ್ನು ೨ರಿಂದ ೬ ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬಳಸಿದ ದ್ರಾವಣಕ್ಕೆ ಅನುಗುಣವಾಗಿ ೩೫ ಅಥವಾ ೪೨ ದಿನ ಇಡಬಹುದು. ರಕ್ಷಕ ದ್ರವವಿಲ್ಲದೆ ಅವು ಘನೀಭವಿಸಿದರೆ ಮಂಜಿನ ಹರಳುಗಳಿಂದ ಕಣಗಳು ಒಡೆಯುತ್ತವೆ. ಹೊರಬಂದ ಹಿಮೋಗ್ಲೋಬಿನ್ ರೋಗಿಯ ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು. ಸಾಗಿಸುವಾಗ ಚೀಲವನ್ನು ಮಂಜುಗಡ್ಡೆಗೆ ನೇರವಾಗಿ ತಾಗಿಸಬಾರದೆನ್ನುವುದು ಇದರಿಂದಲೇ.

ಪ್ಲೇಟ್‌ಲೆಟ್‌ಗಳು

ಮೊದಲು ಪ್ಲೇಟ್‌ಲೆಟ್‌ಗಳನ್ನೂ ಶೀತದಲ್ಲಿಯೇ ಇಡಲಾಗುತ್ತಿತ್ತು. ಹಾಗೆ ತಣಿಸಿದ ಪ್ಲೇಟ್‌ಲೆಟ್‌ಗಳು ರೋಗಿಯ ದೇಹ ಸೇರಿದ ಮೇಲೆ ಬೇಗನೆ ರಕ್ತಪರಿಚಲನೆಯಿಂದ ಮರೆಯಾಗುತ್ತವೆ, ಕೋಣೆಯ ಉಷ್ಣತೆಯಲ್ಲಿ ಇಟ್ಟವು ಹೆಚ್ಚು ಕಾಲ ಉಳಿಯುತ್ತವೆ ಎಂದು ೧೯೬೯ರಲ್ಲಿ ಅಮೆರಿಕದ ಸ್ಕಾಟ್ ಮರ್ಫಿ ಮತ್ತು ಫ್ರಾಂಕ್ ಗಾರ್ಡ್‌ನರ್ ತೋರಿಸಿದರು. ಇಂದು ಅವನ್ನು ೨೦ರಿಂದ ೨೪ ಡಿಗ್ರಿಯಲ್ಲಿ, ನಿಧಾನವಾಗಿ ಅಲುಗಾಡುವ ಯಂತ್ರದ ತಟ್ಟೆಗಳ ಮೇಲೆ ಇಡಲಾಗುತ್ತದೆ. ಚೀಲದ ಪ್ಲಾಸ್ಟಿಕ್ ಗೋಡೆಯ ಮೂಲಕ ಆಮ್ಲಜನಕ ಒಳಬರಬೇಕು. ಅಲುಗಾಟ ಬಹಳ ಹೊತ್ತು ನಿಂತರೆ ಲ್ಯಾಕ್ಟಿಕ್ ಆಮ್ಲ ಶೇಖರವಾಗಿ ಕಣಗಳು ಹಾಳಾಗುತ್ತವೆ.

ಆದರೆ ಇದೇ ಬೆಚ್ಚಗಿನ ಸ್ಥಿತಿ ಬ್ಯಾಕ್ಟೀರಿಯಾಗಳಿಗೂ ಅನುಕೂಲಕರ. ದಾನಿಯ ಚರ್ಮದಿಂದ ಸೇರಿದ ಕೆಲವೇ ಬ್ಯಾಕ್ಟೀರಿಯಾಗಳು ಕೆಲವು ದಿನಗಳಲ್ಲಿ ಅಪಾಯಕಾರಿ ಮಟ್ಟಕ್ಕೆ ಬೆಳೆಯಬಲ್ಲವು. ಬಳಕೆಯ ಅವಧಿಯನ್ನು ಸಾಮಾನ್ಯವಾಗಿ ೫ ದಿನಗಳಿಗೆ ಮಿತಗೊಳಿಸಲು ಇದು ಮುಖ್ಯ ಕಾರಣ. ಹೀಗಾಗಿ ಮಳೆಗಾಲದಲ್ಲಿ ಡೆಂಗ್ಯೂ ಹರಡಿ ಬೇಡಿಕೆ ಏರಿದಾಗ, ಹಿಂದಿನ ತಿಂಗಳ ಶಿಬಿರದಲ್ಲಿ ದೊರೆತ ಪ್ಲೇಟ್‌ಲೆಟ್‌ಗಳು ಉಪಯೋಗಕ್ಕೆ ಬಾರವು.

ಪ್ಲಾಸ್ಮಾ

ಹೆಪ್ಪುಗಟ್ಟಿಸುವ ಅಂಶಗಳು, ವಿಶೇಷವಾಗಿ ಎಂಟನೆಯ ಅಂಶ, ಬೇಗ ಕ್ಷೀಣಿಸುವುದರಿಂದ ರಕ್ತ ಪಡೆದ ಕೆಲವೇ ಗಂಟೆಗಳಲ್ಲಿ ಪ್ಲಾಸ್ಮಾವನ್ನು ಬೇರ್ಪಡಿಸಿ ಘನೀಕರಿಸಬೇಕು. ಮೈನಸ್ ೩೦ ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಇದು ಒಂದು ವರ್ಷ ಉಳಿಯುತ್ತದೆ. ಘನೀಕೃತ ಚೀಲ ಗಾಜಿನಂತೆ ಪೆಡಸಾಗಿರುತ್ತದೆ. ಕೈಜಾರಿ ಬಿದ್ದರೆ ಬಿರುಕು ಬಿಡುತ್ತದೆ, ಆ ಬಿರುಕು ಕರಗಿಸುವವರೆಗೆ ಕಾಣದೆಯೂ ಇರಬಹುದು.

ವಾರ್ಡಿನಲ್ಲಿ ನಿರ್ವಹಣೆ

ಕೆಂಪು ಕಣಗಳ ಚೀಲ ರಕ್ತನಿಧಿಯಿಂದ ಹೊರಬಂದು ೩೦ ನಿಮಿಷ ಮೀರಿದರೆ ಅದನ್ನು ಮರಳಿ ದಾಸ್ತಾನಿಗೆ ಸೇರಿಸುವುದಿಲ್ಲವೆಂಬುದು ರೂಢಿಯ ನಿಯಮ. ರಕ್ತ ನೀಡಿಕೆಯನ್ನು ನಾಲ್ಕು ಗಂಟೆಗಳೊಳಗೆ ಮುಗಿಸಬೇಕು. ಔಷಧಿಗಳನ್ನು ಇಡುವ ವಾರ್ಡಿನ ಫ್ರಿಜ್‌ನಲ್ಲಿ ಚೀಲವನ್ನು ಇಡುವುದಾಗಲಿ, ಬಿಸಿನೀರಿನಲ್ಲಿ ಅದ್ದಿ ಬೆಚ್ಚಗಾಗಿಸುವುದಾಗಲಿ ಸುರಕ್ಷಿತವಲ್ಲ. ಅದೇ ನಳಿಕೆಯಲ್ಲಿ ರಿಂಗರ್ ಲ್ಯಾಕ್ಟೇಟ್ ಹರಿಸಿದರೆ ಅದರ ಕ್ಯಾಲ್ಸಿಯಂ ಸಿಟ್ರೇಟಿನ ಕೆಲಸವನ್ನು ಕೆಡಿಸಿ ರಕ್ತ ಹೆಪ್ಪುಗಟ್ಟಬಹುದು. ಜೊತೆಗೆ ಬಳಸಬಹುದಾದುದು ಸಾಮಾನ್ಯ ಲವಣದ್ರಾವಣ. ಬಣ್ಣ ಕೆಟ್ಟ, ಸೋರುವ ಅಥವಾ ಗಡ್ಡೆಗಳು ಕಾಣುವ ಚೀಲವನ್ನು ಬಳಸದೆ ರಕ್ತನಿಧಿಗೆ ತಿಳಿಸಬೇಕಾಗುತ್ತದೆ.