ಕಥೆಯ ಮೋಹವೂ ಶಾಸ್ತ್ರದ ದಾರಿಯೂ

ಕಳೆದ ವರ್ಷ ಮೈಸೂರಿನಲ್ಲಿ ದಸರೆಯ ಜನಸಂದಣಿ ಕರಗಿದ ಮರುವಾರ ನಮ್ಮ ಹಳೆಯ ಶಿಷ್ಯರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗಿಗೆ ಹತ್ತೊಂಬತ್ತು ವರ್ಷ, ಬಿ.ಎಸ್‌ಸಿ. ತರಗತಿಯ ಎರಡನೆಯ ವರ್ಷದಲ್ಲಿ ಭೌತಶಾಸ್ತ್ರವನ್ನು ವ್ಯಾಸಂಗ ಮಾಡುತ್ತಿದ್ದವಳು. ತಂದೆಯು ಕುಳಿತೊಡನೆಯೇ, “ಮೇಷ್ಟ್ರೇ, ನೀವಾದರೂ ಇವಳಿಗೆ ಬುದ್ಧಿ ಹೇಳಬೇಕು. ಪದವಿಯಾದ ಮೇಲೆ ಕೆಲಸಕ್ಕೆ ಸೇರುತ್ತಾಳೋ ಮುಂದೆ ಓದುತ್ತಾಳೋ ಎಂಬುದು ಇವಳಿಗೇ ತಿಳಿಯದು. ರಾತ್ರಿ ಎರಡು ಗಂಟೆಯವರೆಗೆ ಮೊಬೈಲಿನಲ್ಲಿ ಕಥೆ ಓದುತ್ತಾಳೆ” ಎಂದರು.

ಹುಡುಗಿಯು ತಲೆ ತಗ್ಗಿಸಿದಳು. ತಂದೆಯು ನಮ್ಮ ಮನೆಯವರನ್ನು ಮಾತನಾಡಿಸಲು ಒಳಗೆ ಹೋದಾಗ ಮೆಲ್ಲನೆ ಕೇಳಿದಳು: “ತಾತ, ನಾನೂರು ಪುಟದ ಕಥೆ ನನಗೆ ಎರಡು ರಾತ್ರಿಯಲ್ಲಿ ಮುಗಿಯುತ್ತದೆ. ವಿದ್ಯುತ್ಕಾಂತತ್ವದ ಹತ್ತು ಪುಟಕ್ಕೆ ಒಂದು ವಾರ ಹಿಡಿಯುತ್ತದೆ. ಹಾಗಾದರೆ ನನಗೆ ಭೌತಶಾಸ್ತ್ರದಲ್ಲಿ ನಿಜವಾದ ಪ್ರೀತಿ ಇಲ್ಲವೆಂದೇ ಅರ್ಥವಲ್ಲವೇ?”

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದ ನಮಗೆ ಈ ಪ್ರಶ್ನೆಗೆ ಆ ಕ್ಷಣದಲ್ಲಿ ಉತ್ತರ ತೋಚಲಿಲ್ಲ. ನಮ್ಮ ಹಳೆಯ ತಪ್ಪೊಂದು ಮಾತ್ರ ನೆನಪಿಗೆ ಬಂದಿತು. ರೇಖಾಗಣಿತದ ಪುಸ್ತಕದೊಳಗೆ ಕಾದಂಬರಿಯನ್ನು ಮುಚ್ಚಿಟ್ಟುಕೊಂಡು ಓದುತ್ತಿದ್ದ ಬಾಲಕನೊಬ್ಬನಿಂದ ಅದನ್ನು ಕಿತ್ತುಕೊಂಡು, ಆಮೇಲೆ ಎಲ್ಲಿಯೋ ಕಳೆದುಬಿಟ್ಟಿದ್ದೆವು. ಇಪ್ಪತ್ತು ವರ್ಷಗಳ ತರುವಾಯ ಅವನು ಎಂಜಿನಿಯರನಾಗಿ ಎದುರಾದಾಗ ನಮಸ್ಕರಿಸಿ, “ಆ ಕಥೆ ಹೇಗೆ ಮುಗಿಯಿತೆಂದು ನನಗೆ ಇಂದಿಗೂ ತಿಳಿಯದು, ಮೇಷ್ಟ್ರೇ” ಎಂದನು. ನಗುತ್ತಲೇ ಹೇಳಿದನು, ಆದರೂ ನಮಗೆ ನಾಚಿಕೆಯಾಯಿತು. ಆದಕಾರಣ ಈ ಸಾರಿ ಖಂಡಿಸುವುದಕ್ಕೆ ಮೊದಲು ಕೇಳೋಣವೆಂದು ನಿಶ್ಚಯಿಸಿ, “ನೀನು ಓದುವ ಕಥೆ ಯಾವುದಮ್ಮಾ?” ಎಂದು ವಿಚಾರಿಸಿದೆವು.

ಆಕೆಗೆ ಅಚ್ಚುಮೆಚ್ಚಾದುದು ‘ಹ್ಯಾರಿ ಪಾಟರ್ ಅಂಡ್ ದಿ ಮೆಥಡ್ಸ್ ಆಫ್ ರ್ಯಾಷನಾಲಿಟಿ’ ಎಂಬ ಆಂಗ್ಲ ಕಥೆ. ಇದನ್ನು ಎಲೀಜರ್ ಯುಡ್ಕೋವ್‌ಸ್ಕಿ ಎಂಬವರು 2010ರಿಂದ 2015ರವರೆಗೆ ಅಂತರ್ಜಾಲದಲ್ಲಿ ಕಂತುಕಂತಾಗಿ ಬರೆದರು. ಒಟ್ಟು 122 ಅಧ್ಯಾಯಗಳು. ಮಂತ್ರವಿದ್ಯೆಯ ಶಾಲೆಗೆ ಸೇರಿದ ಬಾಲಕನೊಬ್ಬನು ಅಲ್ಲಿ ಕಂಡುದನ್ನೆಲ್ಲ ಸುಮ್ಮನೆ ನಂಬಿಬಿಡದೆ, ಊಹಿಸಿ, ಪ್ರಯೋಗದಿಂದ ಪರೀಕ್ಷಿಸಿ, ಊಹೆ ಸುಳ್ಳಾದಾಗ ಅದನ್ನು ಒಪ್ಪಿಕೊಳ್ಳುವುದಕ್ಕೂ ಕಲಿಯುವುದೇ ಇದರ ಸ್ವಾರಸ್ಯ. ಕಥೆಯ ಕಡೆಯ ಭಾಗದಲ್ಲಿ ನಾಯಕನು ಪ್ರಾಣಾಪಾಯದಲ್ಲಿರುವಾಗ ಗ್ರಂಥಕರ್ತರು ಅಲ್ಲಿಗೇ ನಿಲ್ಲಿಸಿ, ಅವನು ಪಾರಾಗುವ ಉಪಾಯವನ್ನು 60 ಗಂಟೆಗಳೊಳಗೆ ಓದುಗರೇ ಕಂಡುಹಿಡಿಯತಕ್ಕದ್ದು, ಇಲ್ಲವಾದರೆ ಕಥೆಯು ದುಃಖದಲ್ಲಿ ಮುಗಿಯುವುದು ಎಂದು ಸಾರಿದರಂತೆ. ಓದುಗರು ಕಂಡುಹಿಡಿದರು, ಕಥೆ ಮುಂದುವರಿಯಿತು.

ಇದನ್ನು ಕೇಳಿದ ಮೇಲೆ ನಮಗೆ ಕೋಪವು ಉಳಿಯಲಿಲ್ಲ. ಧಾರಾವಾಹಿಯ ಮುಂದಿನ ಕಂತಿಗಾಗಿ ಅಂಚೆಯವನ ದಾರಿ ಕಾಯುತ್ತಿದ್ದ ಮನೆಗಳಲ್ಲಿಯೇ ನಾವೂ ಬೆಳೆದವರಲ್ಲವೇ?

ಕಾವ್ಯಕಥೆಗಳಿಗೂ ಭೌತಶಾಸ್ತ್ರಕ್ಕೂ ಹಗೆತನವಿಲ್ಲವೆಂಬುದಕ್ಕೆ ನಮ್ಮ ನಾಡೇ ಸಾಕ್ಷಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಕನ್ನಡದಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನೂ ನಡೆಸಿದರು, 1931ರಲ್ಲಿ ಪ್ರಕಟವಾದ ಪಂಪಭಾರತದ ಪರಿಷ್ಕರಣಕ್ಕೂ ದುಡಿದರು. ಸರ್ ಸಿ. ವಿ. ರಾಮನ್ನರು ತಮ್ಮ ಬಾಳನ್ನು ರೂಪಿಸಿದ ಪುಸ್ತಕಗಳೆಂದು ಮೂರನ್ನು ಹೆಸರಿಸಿದ್ದರು. ಒಂದು ಯೂಕ್ಲಿಡನ ರೇಖಾಗಣಿತ. ಇನ್ನೊಂದು ನಾದವನ್ನು ಕುರಿತ ಹೆಲ್ಮ್‌ಹೋಲ್ಟ್ಸನ ಗ್ರಂಥ. ಮತ್ತೊಂದು ಶಾಸ್ತ್ರಗ್ರಂಥವೇ ಅಲ್ಲ, ಬುದ್ಧನ ಚರಿತೆಯನ್ನು ಹೇಳುವ ಎಡ್ವಿನ್ ಆರ್ನಾಲ್ಡನ ಕಾವ್ಯ.

ಆಗ ಹುಡುಗಿಯ ಪ್ರಶ್ನೆಗೆ ನಾವು ಹೀಗೆ ಉತ್ತರ ಹೇಳಿದೆವು: “ಕಥೆಯೆಂಬುದು ಬಡಿಸಿದ ಎಲೆ; ಶಾಸ್ತ್ರವಾದರೋ ಅಕ್ಕಿ ಆರಿಸುವುದರಿಂದ ತೊಡಗಿ ನಾವೇ ಮಾಡಿಕೊಳ್ಳಬೇಕಾದ ಅಡುಗೆ. ಬೇಗ ಉಂಡೆನೋ ತಡವಾಗಿ ಉಂಡೆನೋ ಎಂಬುದರಿಂದ ಪ್ರೀತಿಯನ್ನು ಅಳೆಯಲಾಗದು. ಆ ಹತ್ತು ಪುಟದಲ್ಲಿ ಒಂದು ಲೆಕ್ಕವು ನಿನ್ನನ್ನು ಸೋಲಿಸಿದಾಗ, ಮರುದಿನ ಯಾರೂ ಹೇಳದೆಯೇ ಅದರ ಬಳಿಗೆ ಹಿಂದಿರುಗುತ್ತೀಯೋ ಇಲ್ಲವೋ? ಅದೇ ಪರೀಕ್ಷೆ.” ಹುಡುಗಿಯು ಯೋಚಿಸಿ, “ಕೆಲವು ಸಾರಿ ಹಿಂದಿರುಗುತ್ತೇನೆ, ತಾತ” ಎಂದಳು. ಆ ಪ್ರಾಮಾಣಿಕತೆ ನಮಗೆ ಮೆಚ್ಚುಗೆಯಾಯಿತು.

ಅಷ್ಟರಲ್ಲಿ ತಂದೆಯು ಹೊರಗೆ ಬಂದರು. ಅವರ ಚಿಂತೆ ಹಣದ ಚಿಂತೆ. ಅದು ಅಲಕ್ಷ್ಯ ಮಾಡತಕ್ಕದ್ದಲ್ಲ. ಆದಕಾರಣ ನಾವು ವಿಚಾರಿಸಿ ತಿಳಿದುದನ್ನು ಇಲ್ಲಿಯೂ ಹೇಳುತ್ತೇವೆ. ಬಿ.ಎಸ್‌ಸಿ. ಆದವರು ಮಾನಸಗಂಗೋತ್ರಿಯಂತಹ ಕಡೆ ಎರಡು ವರ್ಷದ ಎಂ.ಎಸ್‌ಸಿ. ಓದಬಹುದು. ಐ.ಐ.ಟಿ.ಗಳು ಪ್ರತಿ ಫೆಬ್ರವರಿಯಲ್ಲಿ ನಡೆಸುವ ಜಾಮ್ ಎಂಬ ಮೂರು ಗಂಟೆಯ, 60 ಪ್ರಶ್ನೆಗಳ ಪರೀಕ್ಷೆಯಲ್ಲಿ ಮೇಲುಗೈಯಾದವರಿಗೆ, ಎಂ.ಎಸ್‌ಸಿ.ಯನ್ನೂ ಪಿಎಚ್.ಡಿ.ಯನ್ನೂ ಒಂದಾಗಿ ಹೆಣೆದ ವ್ಯಾಸಂಗಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಾಗಿಲು ತೆರೆಯಬಹುದು. ಸಂಶೋಧನೆಗೆ ತೊಡಗಿದ ಕಿರಿಯ ಸಂಶೋಧಕರ ವೇತನವನ್ನು ಸರ್ಕಾರವು 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೆ ಏರಿಸಿತು. ಅಮೆರಿಕೆಯಲ್ಲಿ ಭೌತಶಾಸ್ತ್ರದ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಶುಲ್ಕವನ್ನು ಬಿಟ್ಟು, ಪಾಠ ಹೇಳುವ ಇಲ್ಲವೆ ಸಂಶೋಧನೆಯ ಕೆಲಸಕ್ಕಾಗಿ ವೇತನವನ್ನೂ ಕೊಡುವರು, ಬರಿಯ ಎಂ.ಎಸ್. ಪದವಿಗೆ ಹೋದವರು ಬಹುಮಟ್ಟಿಗೆ ಸ್ವಂತ ಹಣವನ್ನೇ ತೆರಬೇಕು. ಮನೆಯನ್ನು ಅಡವಿಟ್ಟು ಸಾಲ ಮಾಡುವ ಮುನ್ನ ಗೃಹಸ್ಥರು ಈ ಭೇದವನ್ನು ತಿಳಿಯತಕ್ಕದ್ದು.

ಆದರೆ ಐದಾರು ವರ್ಷಗಳ ದಾರಿಗೆ ಇಳಿಯುವ ಮೊದಲು ನೀರಿನ ಆಳ ನೋಡುವುದು ಹೇಗೆ? ಇಲ್ಲಿ ನಮ್ಮ ಹಿರಿಯರ ಒಂದು ಮಾತು ನೆರವಾಗುತ್ತದೆ. ಸಂಸ್ಕೃತದಲ್ಲಿ ಶಿಷ್ಯನಿಗೆ ‘ಅಂತೇವಾಸಿ’ ಎಂದು ಹೆಸರು. ಗುರುವಿನ ಸಮೀಪದಲ್ಲಿ ವಾಸಿಸುವವನು ಎಂದರ್ಥ. ಇಂದಿನವರು ಇಂಟರ್ನ್‌ಶಿಪ್ಪು ಎನ್ನುವುದು ಈ ಅಂತೇವಾಸವೇ ಸರಿ. ರಾಮನ್ನರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯು ದೆಹಲಿ ಮತ್ತು ಪ್ರಯಾಗದ ಅಕಾಡೆಮಿಗಳೊಡಗೂಡಿ, ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಎರಡು ತಿಂಗಳು ವಿಜ್ಞಾನಿಗಳ ಬಳಿಯಿದ್ದು ಕೆಲಸ ಕಲಿಯುವ ಏರ್ಪಾಡನ್ನು ವೇತನಸಹಿತವಾಗಿ ನಡೆಸುತ್ತ ಬಂದಿದೆ. ಅರ್ಜಿಯ ಗಡುವು ಮಾತ್ರ ಬೇಸಿಗೆಗೆ ಬಹು ಮುಂಚೆಯೇ ಮುಗಿಯುತ್ತದೆ. “ಮೊದಲು ಎರಡು ತಿಂಗಳು ಅಂತೇವಾಸಿಯಾಗಿರು, ನಿರ್ಧಾರ ಆಮೇಲೆ” ಎಂದು ಹೇಳಿ ಕಳುಹಿಸಿದೆವು.

ಹುಡುಗಿಯ ಅದೃಷ್ಟ ಚೆನ್ನಾಗಿತ್ತು. ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಸ್ಥಳ ದೊರೆಯಿತು. ಹಿಂದಿರುಗಿದ ಮೇಲೆ ಬಂದು ಎಲ್ಲವನ್ನೂ ಹೇಳಿದಳು. ಬೆಳಕಿನ ತೀವ್ರತೆಯನ್ನು ಅಳೆಯುವ ಕೆಲಸವನ್ನು ಅವಳಿಗೆ ವಹಿಸಿದ್ದರು. ಬೆಳಕು ಸ್ಥಿರವಾಗಿದ್ದರೂ ಅಳತೆಯು ಮಾತ್ರ ನಡುಗುತ್ತಿತ್ತಂತೆ. ಮಸೂರವನ್ನು ಶಂಕಿಸಿದಳು, ದೀಪವನ್ನು ಶಂಕಿಸಿದಳು, ತಾನು ಬರೆದ ಲೆಕ್ಕವನ್ನೇ ಶಂಕಿಸಿದಳು. ಐದು ವಾರ ಕಳೆಯಿತು. ಒಂದು ರಾತ್ರಿ ಹಾಸ್ಟೆಲಿನಲ್ಲಿ ಅತ್ತುದೂ ಉಂಟು. ಆರನೆಯ ವಾರದಲ್ಲಿ, ನೆಲಕ್ಕೆ ವಿದ್ಯುತ್ತನ್ನು ಇಳಿಸುವ ಅರ್ಥಿಂಗ್ ತಂತಿಯೊಂದು ಸಡಿಲವಾಗಿದ್ದುದು ಸಿಕ್ಕಿತು. ಬಿಗಿದೊಡನೆ ಅಳತೆ ನಿಂತಿತು.

“ಆ ಐದು ವಾರವೂ ಕಥೆ ಓದಿದೆಯಾ?” ಎಂದು ಕೇಳಿದೆವು.

“ಓದಿದೆ, ತಾತ. ಓದದಿದ್ದರೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಆದರೆ ಪ್ರತಿದಿನವೂ ಬೆಳಿಗ್ಗೆ ಏಳು ಗಂಟೆಗೆ ಪ್ರಯೋಗಶಾಲೆಯ ಬಾಗಿಲಲ್ಲಿದ್ದೆ. ಬಾ ಎಂದು ಯಾರೂ ಹೇಳಿರಲಿಲ್ಲ” ಎಂದಳು.

ಬರುವ ಫೆಬ್ರವರಿಯಲ್ಲಿ ಅವಳು ಜಾಮ್ ಪರೀಕ್ಷೆಗೆ ಕುಳಿತುಕೊಳ್ಳುವಳು. ಅದು ಫಲಿಸದಿದ್ದರೆ ಮಾನಸಗಂಗೋತ್ರಿಯಲ್ಲಿ ಎಂ.ಎಸ್‌ಸಿ. ಓದಿಸುವುದಾಗಿ ತಂದೆಯು ಒಪ್ಪಿದ್ದಾರೆ. ಕಥೆಯ ಓದು ರಾತ್ರಿ ಹನ್ನೊಂದಕ್ಕೆ ನಿಲ್ಲತಕ್ಕದ್ದೆಂದು ಮಗಳೂ ಒಪ್ಪಿದ್ದಾಳೆ. ಸ್ಥಳ ಸಿಕ್ಕುವುದೋ ಇಲ್ಲವೋ ನಾವು ಬಲ್ಲವರಲ್ಲ. ತನಗೆ ಬೇಕಾದುದೇನೆಂಬುದನ್ನು ಅವಳು ಬಲ್ಲಳು. ಹತ್ತೊಂಬತ್ತು ಇಪ್ಪತ್ತರ ಪ್ರಾಯದಲ್ಲಿ ಅದು ಅಲ್ಪ ಲಾಭವಲ್ಲ.

ಮಕ್ಕಳ ಕೈಯಿಂದ ಕಥೆಯನ್ನು ಕಿತ್ತುಕೊಳ್ಳುವ ಮುನ್ನ ಗೃಹಸ್ಥರು ಅದರಲ್ಲಿ ಏನಿದೆಯೆಂದು ಒಮ್ಮೆ ಕೇಳಲಿ. ಮುಂದಿನ ಓದನ್ನು ಗೊತ್ತುಮಾಡುವ ಮುನ್ನ, ಸೋಲನ್ನು ಹತ್ತಿರದಿಂದ ಕಾಣುವಂತಹ ಕಡೆ ಅವರನ್ನು ಎರಡು ತಿಂಗಳು ಬಿಟ್ಟು ನೋಡಲಿ. ಇಷ್ಟೇ ನಮ್ಮ ಬಿನ್ನಹ.